ಹಸಿ ನಕಾಶೆ

ಫಕೀರಪ್ಪನವರು ಅಂಟನ್ನು ನಾಲಿಗೆಗೆ ಹಚ್ಚಿ ನೋಡುತ್ತಿದ್ದರು. ಮೈದಾಹಿಟ್ಟು ಕುದ್ದು ಗಂಜಿಯಾದ ಮೇಲೆ, ಹುಳ ಹಿಡಿಯದಂತೆ ಮೈಲುತುತ್ತದ ನೀಲಿ ಪುಡಿ ಬೆರೆಸುವ ಮುಂಚೆ, ಒಂದು ತೊಟ್ಟು. ಹಸಿ ಹಿಟ್ಟಿನ ರುಚಿ ಇದ್ದರೆ ಮತ್ತೆ ಒಲೆಗೆ. “ಬೇಯದ ಹಿಟ್ಟು ಹಿಡಿಯಂಗಿಲ್ಲರಿ, ಕಾರಕೂನರ. ಹೊಟ್ಟಿಗೂ ಅಷ್ಟ, ಕಾಗದಕ್ಕೂ ಅಷ್ಟ” ಎನ್ನುವರು. ವಿಷ ಬೆರೆಸಿದ್ದನ್ನು ಮರೆತು ನೆಕ್ಕಿಯಾರೆಂಬ ಭಯ ಹೆಂಡತಿ ಗೌರವ್ವನವರಿಗೆ. “ನೀಲಿ ಹಾಕೀರಿ, ಧ್ಯಾನ ಇರ್ಲಿ” ಎಂದು ಒಳಗಿನಿಂದಲೇ ಎಚ್ಚರಿಸುತ್ತಿದ್ದರು.

ಬೆಟಗೇರಿಯಲ್ಲಿ ಅವರದು ಪುಸ್ತಕ ಕಟ್ಟುವ ಅಂಗಡಿ. ನಾನು ಗುಮಾಸ್ತನಾಗಿದ್ದ ತಾಲೂಕು ಮಾಮಲೇದಾರ ಕಚೇರಿಯ ದಫ್ತರಗಳನ್ನೆಲ್ಲ ಅವರೇ ಕಟ್ಟುತ್ತಿದ್ದರು. ಅಂಟು ಹಚ್ಚುವಾಗ ಮಾತ್ರ ಮಹಾ ಜಿಪುಣ. “ದಪ್ಪ ಬಳದ್ರ ಅಂಟು ಅಂಟಿಗೇ ಹಿಡಿತೈತಿ, ಕಾಗದಕ್ಕ ಹಿಡಿಯಂಗಿಲ್ಲ. ತೆಳ್ಳಗ ಹಚ್ಚಿ, ಮ್ಯಾಲ ಕಲ್ಲಿನ ಒಜ್ಜಿ ಇಟ್ಟು, ನೀರು ತಾನ ಹೋಗೂತನಕಾ ಸುಮ್ಮ ಕುಂಡ್ರಬೇಕು.”

ಸುಮ್ಮನೆ ಕೂರುವುದು ನನ್ನಿಂದಾಗಲಿಲ್ಲ.

ಕನ್ನಡ ನಾಡು ಒಂದಾಗಲು ತಿಂಗಳಷ್ಟೇ ಉಳಿದಿತ್ತು. ಮುಂಬೈ ಸರಕಾರದ ಕಾಲದ ಕಾಗದಗಳನ್ನು ಹೊಸ ರಾಜ್ಯಕ್ಕೆ ಒಪ್ಪಿಸಬೇಕು, ಒಂದೂ ಕೆಡಬಾರದು ಎಂದು ಮಾಮಲೇದಾರರ ಹುಕುಂ. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಊರಲ್ಲಿ ಐದು ಹೊಟ್ಟೆಗಳು ಅದನ್ನೇ ನಂಬಿದ್ದವು. ಶನಿವಾರ ಅಂತೂರ ಬೆಂತೂರ ಹಳ್ಳಿಯ ಹಳೆಯ ನಕಾಶೆ ಬಿಡಿಸುವಾಗ ಮಡಿಕೆ ಬಿಚ್ಚಲಿಲ್ಲ. ಅವಸರಕ್ಕೆ ಜಗ್ಗಿದೆ. ಎರಡು ತುಂಡಾಯಿತು. ಇದ್ದದ್ದೇ ಅದೊಂದು ಪ್ರತಿ, ಸೋಮವಾರ ಸಾಹೇಬರ ಮೇಜಿಗೆ ಹೋಗಬೇಕಾದದ್ದು.

ಕೋಟಿನೊಳಗೆ ಬಚ್ಚಿಟ್ಟುಕೊಂಡು ಬೆಟಗೇರಿಗೆ ಓಡಿದೆ. ಫಕೀರಪ್ಪನವರು ಒಂದೂ ಪ್ರಶ್ನೆ ಕೇಳಲಿಲ್ಲ. ತೆಳು ಅರಿವೆಗೆ ಅಂಟು ಸವರಿ, ತುಂಡುಗಳನ್ನು ಗೆರೆಗೆ ಗೆರೆ ಕೂಡಿಸಿ ಕೂರಿಸಿ, ಹಲಗೆಗಳ ನಡುವೆ ಇಟ್ಟು ಮೇಲೆ ಕಲ್ಲು ಹೇರಿದರು. “ಸೋಮವಾರ ಮುಂಜಾನಿ ಒಯ್ರಿ. ಅಲ್ಲೀತನಕಾ ಮುಟ್ಟಬ್ಯಾಡ್ರಿ.”

ಭಾನುವಾರ ಮತ್ತೆ ಅಂಗಡಿಗೆ ಹೋಗಿ ಕೂತೆ. ಅವರು ಊಟಕ್ಕೆ ಎದ್ದಾಗ ನನಗೆ ಜೀವ ತಡೆಯಲಿಲ್ಲ. ಒಣಗದಿದ್ದರೆ ಗತಿಯೇನು? ಕಲ್ಲು ಸರಿಸಿ, ನಕಾಶೆ ತೆಗೆದು ಬಿಸಿಲಿಗೆ ಹಾಸಿದೆ. ಅರಿವೆ ಒಂದು ಲೆಕ್ಕಕ್ಕೆ ಕುಗ್ಗಿತು, ಕಾಗದ ಇನ್ನೊಂದು ಲೆಕ್ಕಕ್ಕೆ. ಕಣ್ಣೆದುರೇ ನಕಾಶೆ ಹಪ್ಪಳದಂತೆ ಸುರುಳಿ ಸುತ್ತಿ, ಕೂಡಿಸಿದ ಜಾಗ ಬಾಯಿಬಿಟ್ಟಿತು.

ಊಟ ಮುಗಿಸಿ ಬಂದ ಫಕೀರಪ್ಪನವರು ಬೈಯಲಿಲ್ಲ. “ನೀರಿನ ಅಂಟು ನೀರಿನ ಮಾತ ಕೇಳತೈತಿ” ಎಂದು ಒದ್ದೆ ಅರಿವೆ ಹಾಸಿ ಮೆತ್ತಗಾಗಿಸಿ, ಮೊದಲಿಂದ ಅಂಟಿಸಿದರು. ಆದರೆ ಒಣಗಲು ಬೇಕಾದ ಒಂದು ದಿನ ಕೈಬಿಟ್ಟುಹೋಗಿತ್ತು. “ನಾಳಿ ನಾನ ತರ್ತೀನಿ. ನೀವು ಮತ್ತ ಮುಟ್ಟಬ್ಯಾಡ್ರಿ.”

ಸೋಮವಾರ ಮಾಮಲೇದಾರರು ನಕಾಶೆಯ ಮೇಲೆ ಅಂಗೈ ಆಡಿಸಿದರು. ಕೂಡಿಸಿದ ಜಾಗದಲ್ಲಿ ಕೈ ನಿಂತಿತು.

“ಇದು ಹಸಿ ಐತೆಲ್ಲ. ಯಾರು ಹರದದ್ದು?”

ನಾನು ಕೈಯಲ್ಲಿದ್ದ ದಫ್ತರದ ದಾರ ಬಿಗಿಯತೊಡಗಿದೆ. ಬಾಗಿಲ ಬಳಿ ನಿಂತಿದ್ದ ಫಕೀರಪ್ಪನವರು ನನ್ನ ಕಡೆ ನೋಡಲೂ ಇಲ್ಲ. “ಕಟ್ಟಾಕ ಕೊಟ್ಟಿದ್ರರಿ. ನನ್ನ ಕೈಯಾಗ ಹರೀತು” ಎಂದರು. ಅಂದಿನಿಂದ ಸರಕಾರಿ ಕೆಲಸ ಅವರ ಅಂಗಡಿಗೆ ಹೋಗಲಿಲ್ಲ. ನನ್ನ ನೌಕರಿ ಕಾಯಂ ಆಯಿತು. ಬೆಟಗೇರಿಯ ಆ ಓಣಿ ಬಿಟ್ಟು ಸುತ್ತುದಾರಿಯಲ್ಲಿ ನಡೆಯುವುದು ನನಗೆ ರೂಢಿಯಾಯಿತು.

ವರ್ಷಗಳ ಮೇಲೆ ಫಕೀರಪ್ಪನವರು ತೀರಿಕೊಂಡ ಸುದ್ದಿ ಬಂದಾಗ ನಾನು ವರ್ಗವಾಗಿ ಮುಂಡರಗಿಯಲ್ಲಿದ್ದೆ. ನಿಜ ಹೇಳಿಬಿಡಬೇಕೆಂದೇ ಅವರ ಮನೆಗೆ ಹೋದೆ. ಗೌರವ್ವನವರು ಚಾಪೆ ಹಾಸಿದರು.

“ಜನ್ಮದಾಗ ಒಂದ ಕಾಗದ ಹರದ್ರಂತರಿ. ಅಂಥಾ ಹಗುರ ಕೈ, ಹೆಂಗ ಹರೀತೋ. ನಾನೂ ಬಾಳ ಅಂದೆ ಅವರಿಗೆ, ನಿಮ್ಮ ಕೈಯಿಂದ ಮನಿ ಹಾಳಾತು ಅಂತ. ಒಂದ ಮಾತು ಆಡ್ಲಿಲ್ಲ.” ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಮುಖ ನೋಡಿದರು. “ನೀವು ಆ ಕಚೇರ್ಯಾಗ ಇದ್ರೆಲ್ಲರಿ. ನಿಮಗೇನರ ಗೊತ್ತೈತೇನು, ಹೆಂಗ ಹರೀತಂತ?”

ಆಗಲೂ ನನಗೆ ಹೆದರಿಕೆಯೇ ಆಯಿತು.

“ಇಲ್ಲವ್ವ” ಎಂದೆ.