ಎರಡು ಸೀಟಿ

ನಮ್ಮ ಬಸ್ ಡಿಪೋದಲ್ಲಿ ಅವನನ್ನು ಎಲ್ಲರೂ ಬೆಣ್ಣೆ ಎಂದೇ ಕರೆಯುತ್ತಿದ್ದರು. ಬ್ರೇಕ್ ಹಾಕಿದರೆ ನಿಂತ ಪ್ರಯಾಣಿಕರ ಮೈ ಕೂಡ ಅಲುಗುತ್ತಿರಲಿಲ್ಲ. ಅಂಥ ಡ್ರೈವರ್ ತಿಂಗಳುಗಟ್ಟಲೆ ನನ್ನ ಗ್ಯಾರೇಜಿನ ಮೂಲೆಯಲ್ಲಿ ಕೂತು ನಟ್ಟು ಬೋಲ್ಟು ಒರೆಸಿದ. ಮೆಕ್ಯಾನಿಕ್ ಆದ ನನಗೆ ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಈಗ ಹೇಳುವಾಗಲೂ ಉರಿಯುತ್ತದೆ.

ನಮ್ಮಲ್ಲಿ ಡ್ರೈವರ್ ಹಿಂದಿನ ಬಾಗಿಲು ನೋಡುವುದಿಲ್ಲ, ಜನ ತುಂಬಿದಾಗ ನೋಡಲು ಆಗುವುದೂ ಇಲ್ಲ. ಕಂಡಕ್ಟರ್ ಒಂದು ಸೀಟಿ ಊದಿದರೆ ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಬೆಣ್ಣೆಯ ಬಸ್ಸಿಗೆ ಕಂಡಕ್ಟರ್ ಅವನ ಸ್ವಂತ ಭಾವ, ಅಕ್ಕನ ಗಂಡ. ಆ ಸೀಟಿಯನ್ನು ನಂಬಿ ಇವನು ಕಣ್ಣು ಮುಚ್ಚಿ ಕ್ಲಚ್ ಬಿಡುತ್ತಿದ್ದ. ಒಂದು ದಿನ ಮುದುಕಿಯೊಬ್ಬಳು ಇಳಿಯುತ್ತಿರುವಾಗಲೇ ಬಸ್ ಮುಂದಕ್ಕೆ ಹೋಯಿತು. ಬಿದ್ದವಳ ಸೊಂಟದ ಮೂಳೆ ಮುರಿಯಿತು.

ವಿಚಾರಣೆಯಲ್ಲಿ ಭಾವ ತಾನು ಸೀಟಿ ಊದಿಯೇ ಇಲ್ಲ ಎಂದ. ಆಮೇಲೆ ಬೆಣ್ಣೆಯ ಹೆಗಲ ಮೇಲೆ ಕೈಹಾಕಿ, ದಿನವಿಡೀ ಸೀಟಿ ಕೇಳಿದ ಕಿವಿ, ಊದದಿದ್ದರೂ ಊದಿದ ಹಾಗೆ ಕೇಳಿಸಿರುತ್ತದೆ ಎಂದು ಸಮಾಧಾನ ಹೇಳಿದ. ಬೆಣ್ಣೆ ನಂಬಿದ. ತಪ್ಪು ತನ್ನದೇ ಎಂದು ಒಪ್ಪಿಕೊಂಡು ಬಂದ.

ಅಲ್ಲಿಂದ ಶುರುವಾಯಿತು. ಸ್ಟಿಯರಿಂಗ್ ಹಿಡಿದರೆ ಸಾಕು, ಎದೆ ಬಿಗಿದುಕೊಂಡು ಉಸಿರು ಸಿಕ್ಕುತ್ತಿರಲಿಲ್ಲ, ಕೈ ಎರಡೂ ಮಂಜುಗಡ್ಡೆ. ಆಸ್ಪತ್ರೆಯವರು ಎಲ್ಲ ಪರೀಕ್ಷೆ ಮಾಡಿ ಹೃದಯ ಕಲ್ಲುಗುಂಡಿನ ಹಾಗಿದೆ ಎಂದರು. ಡಿಪೋದವರು ಮಾತ್ರ, ವಾಸಿಯಾಗದಿದ್ದರೆ ಇನ್ನು ಬಸ್ ಕೊಡುವುದಿಲ್ಲ ಎಂದರು. ಓಡಿಸುವುದು ಬಿಟ್ಟರೆ ಅವನಿಗೆ ಪ್ರಪಂಚದಲ್ಲಿ ಬೇರೇನೂ ಗೊತ್ತಿರಲಿಲ್ಲ.

ಅಕ್ಕನೇ ಅವನನ್ನು ಮನಸ್ಸಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ಪ್ರತಿ ವಾರ ಹೊರಗಿನ ಬೆಂಚಿನ ಮೇಲೆ ಕಾದು ಕೂರುತ್ತಿದ್ದಳು. ಇಂಥ ಅಕ್ಕ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ನಾನೇ ಹೊಗಳಿದ್ದೆ. ನನ್ನ ಬಾಯಿಗೆ ಮಣ್ಣು ಬೀಳಲಿ.

ಒಳಗೆ ಡಾಕ್ಟರಮ್ಮ ಅವನ ಬೆರಳಿಗೊಂದು ಕ್ಲಿಪ್ಪು, ಎದೆಗೊಂದು ಪಟ್ಟಿ ಹಾಕುತ್ತಿದ್ದರು. ಎದುರಿನ ಪರದೆಯ ಮೇಲೆ ಎದೆಬಡಿತ ಗೆರೆಯಾಗಿ ಓಡುತ್ತಿತ್ತು, ಬೆರಳಿನ ಬಿಸಿ ಅಂಕಿಯಾಗಿ ಕಾಣುತ್ತಿತ್ತು. ಉಸಿರನ್ನು ನಿಧಾನವಾಗಿ ಬಿಟ್ಟರೆ ಗೆರೆ ತಗ್ಗುವುದನ್ನು ನೋಡಿ ನೋಡಿ ಬೆಣ್ಣೆ ಅದನ್ನು ಕೈವಶ ಮಾಡಿಕೊಂಡ. ಆಮೇಲೆ ಡಾಕ್ಟರಮ್ಮ ಆ ದಿನದ ಕತೆಯನ್ನು ಸ್ವಲ್ಪ ಸ್ವಲ್ಪವೇ ಹೇಳಿಸತೊಡಗಿದರು. ಸೀಟಿ ಬಂದಿರಲಿಲ್ಲ ಎಂಬ ಮಾತಿಗೆ ಬಂದಾಗಲೆಲ್ಲ ಗೆರೆ ಜಿಗಿಯುತ್ತಿತ್ತು.

ಒಮ್ಮೆ ಅಕ್ಕನಿಗೆ ಬರಲಾಗದೆ ನಾನು ಹೋಗಿದ್ದೆ, ಬೆಣ್ಣೆ ನನ್ನನ್ನು ಒಳಗೇ ಕೂರಿಸಿಕೊಂಡ. ಗೆರೆ ಮತ್ತೆ ಜಿಗಿಯಿತು. ತಾನು ಸುಳ್ಳು ಹೇಳುತ್ತಿದ್ದೇನಾ ಎಂದು ಇವನು ಗಾಬರಿಯಾದ. ಇದು ಸುಳ್ಳು ಹಿಡಿಯುವ ಯಂತ್ರವಲ್ಲ, ಮೈ ಎಲ್ಲಿ ಬಿಗಿಯುತ್ತದೆ ಎಂದಷ್ಟೇ ತೋರಿಸುತ್ತದೆ ಎಂದರು ಡಾಕ್ಟರಮ್ಮ. ಉಸಿರು ಹದಕ್ಕೆ ಬರುವವರೆಗೂ ಕಾದು, ಈಗ ಏನು ಕೇಳಿಸುತ್ತಿದೆ ಎಂದು ಕೇಳಿದರು.

"ಎರಡು ಸೀಟಿ, ಡಾಕ್ಟ್ರೇ. ಉದ್ದ ಒಂದು, ಗಿಡ್ಡ ಒಂದು. ನಮ್ಮ ಭಾವ ಊದೋದೇ ಹಾಗೆ."

ಅಲ್ಲಿಂದ ನೇರವಾಗಿ ಅಕ್ಕನ ಮನೆಗೆ ಹೋದೆವು. ಭಾವ ಶೂ ಪಾಲಿಶ್ ಮಾಡುತ್ತಿದ್ದ, ಅಕ್ಕ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಬೆಣ್ಣೆ ನಿಂತಲ್ಲೇ ಕೇಳಿದ. ಭಾವ ತಡಬಡಾಯಿಸುತ್ತಾನೆ ಎಂದುಕೊಂಡಿದ್ದೆ. ಎಲ್ಲಿ! ಬ್ರಷ್ ಕೂಡ ಕೆಳಗಿಡಲಿಲ್ಲ.

"ಊದಿದ್ದೆ ಕಣಯ್ಯ. ಯಾರೋ ಒಬ್ಬರ ತಲೆ ಮೇಲೆ ಬರಲೇಬೇಕಿತ್ತು. ನಂಗೆ ಮಕ್ಕಳಿದಾವೆ. ನಿಂಗೆ ಯಾರಿದಾರೆ?"

ಬೆಣ್ಣೆ ಮತ್ತೆ ಅವನ ಮುಖ ನೋಡಲಿಲ್ಲ. ಅಕ್ಕನ ಕಡೆ ತಿರುಗಿದ. "ನಿಂಗೆ ಗೊತ್ತಿತ್ತಾ ಅಕ್ಕಾ?"

ಅವಳು ಮಡಿಸಿದ ಅಂಗಿಯನ್ನೇ ಇನ್ನೊಮ್ಮೆ ಮಡಿಸಿದಳು. "ಗೊತ್ತಿದ್ದಕ್ಕೇ ಅಲ್ವೇನೋ, ನಿನ್ನನ್ನ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತಿದ್ದಿದ್ದು."

ಮಗುವನ್ನು ಚಿವುಟುವುದೂ ಇವರೇ, ತೊಟ್ಟಿಲು ತೂಗುವುದೂ ಇವರೇ! ನಾನು ಬಾಯಿಗೆ ಬಂದದ್ದು ಅನ್ನುವಷ್ಟರಲ್ಲಿ ಬೆಣ್ಣೆ ನನ್ನ ತೋಳು ಹಿಡಿದು ಹೊರಗೆಳೆದ. ಬೀದಿಯ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಭಾವ ಮಾಡಿದ್ದನ್ನು ಹೇಗೋ ನುಂಗಿಕೊಳ್ಳಬಹುದು, ಆ ಬೆಂಚಿನ ಮೇಲೆ ಕಾಯುತ್ತಿದ್ದವಳನ್ನು ಏನೆಂದುಕೊಳ್ಳಲಿ ಎಂದ. ಮತ್ತೆ ವಿಚಾರಣೆ ಮಾಡಿಸು ಎಂದು ನಾನು ಬಡಿದುಕೊಂಡೆ. ಅಕ್ಕನ ಮಕ್ಕಳ ಮುಖ ನೋಡಿ ಅವನು ಬಾಯಿ ಬಿಡಲಿಲ್ಲ.

ಈಗ ಅವನು ಬಸ್ ಓಡಿಸುತ್ತಾನೆ, ಬೇರೆ ಕಂಡಕ್ಟರ್ ಜೊತೆ. ಎದೆ ಬಿಗಿಯುವುದಿಲ್ಲ. ಮೊನ್ನೆ ಅಕ್ಕ ಡಿಪೋ ಗೇಟಿಗೆ ಬಂದು ತಮ್ಮ ಹೇಗಿದ್ದಾನೆ ಎಂದು ವಿಚಾರಿಸಿದಳು. ಪೂರ್ತಿ ವಾಸಿಯಾಗಿದೆ ಎಂದೆ. ಅವಳ ಮುಖ ಅರಳಿತು.

"ಸದ್ಯ. ಮತ್ತೆ ಮನೆ ಕಡೆ ಯಾಕೆ ಬರ್ತಿಲ್ಲ ಅವನು?" ಎಂದು ಕೇಳಿದಳು.