ಜರ್ಮನಿ ಬಂದೂಕು ನೋಡಿಕೊಡುತ್ತಿದ್ದವರು

ನಮ್ಮದು ಮಧುಗಿರಿಯಲ್ಲಿ ಲಿಂಗ ಕಟ್ಟಿದವರ ಮನೆ. ಮಾಂಸದ ವಾಸನೆಯೂ ಆಗದು. ಆದರೂ ನನ್ನ ಯಜಮಾನರಿಗೆ ಬಂದೂಕಿನ ಹುಚ್ಚು, ಅದರಲ್ಲೂ ಜರ್ಮನಿಯ ಜೋಡುನಳಿಗೆ ಎಂದರೆ ಪ್ರಾಣ. ಒಂದು ಹಕ್ಕಿಯನ್ನೂ ಹೊಡೆದವರಲ್ಲ. ಕೆಲಸದ ನಯ ನೋಡುವುದಷ್ಟೇ ಅವರ ಸುಖ. ಮರವೂ ಕಬ್ಬಿಣವೂ ಕೂಡುವಲ್ಲಿ ಉಗುರು ಹೋಗಬಾರದು, ತಿರುಪುಗಳ ಗೀರು ಒಂದೇ ದಿಕ್ಕಿಗಿರಬೇಕು ಎಂದೆಲ್ಲ ನನಗೂ ಹೇಳಿಕೊಟ್ಟಿದ್ದರು. ನಳಿಗೆಯನ್ನು ಆಕಾಶಕ್ಕೆ ಹಿಡಿದರೆ ಒಳಗೆ ಬೆಳಕು ಬಳೆಬಳೆಯಾಗಿ ಕಾಣುತ್ತದೆ. ಬಳೆ ಸೊಟ್ಟಗಾದರೆ ಅಲ್ಲಿ ತಗ್ಗಿದೆ ಎಂದರ್ಥ.

ಶಿರಾ, ಪಾವಗಡದ ಕಡೆಯವರೂ ಬಂದೂಕು ಕೊಳ್ಳುವ ಮುಂಚೆ ಇವರಿಗೆ ತೋರಿಸುತ್ತಿದ್ದರು. ಒಮ್ಮೆ ಪಾವಗಡದ ಜಮೀನುದಾರರೊಬ್ಬರು ಒಂದನ್ನು ತಂದರು. ಓಕ್ ಎಲೆ, ಜಿಂಕೆ ಕೆತ್ತಿದ ಚಂದದ ಬಂದೂಕು. ಇವರು ನಳಿಗೆ ನೋಡಿ, ಕನ್ನಡಿ ಇದ್ದ ಹಾಗಿದೆ ಎಂದರು. ಮಜ್ಜಿಗೆ ತಂದ ನನಗೂ ನೋಡೆಂದು ಕೊಟ್ಟರು. ಎಡನಳಿಗೆಯ ನಡುವೆ ಬಳೆ ಮುರಿದಿತ್ತು, ಆಚೆಗೆ ಸಿಡುಬಿನ ಕಲೆಯಂತೆ ತುಕ್ಕು ತಿಂದಿತ್ತು. ಹಾಗೆಂದು ಹೇಳಿದೆ.

ಯಜಮಾನರು ಮತ್ತೆ ಇಸಿದುಕೊಂಡು ಬಹಳ ಹೊತ್ತು ನೋಡಿದರು. ಕೊನೆಗೆ, ಇದನ್ನು ಕೊಳ್ಳಬೇಡಿ, ಸಿಡಿದೀತು ಎಂದು ವಾಪಸು ಕೊಟ್ಟರು. ಬಂದವರು ಹೋದ ಮೇಲೆ ಮೆಲ್ಲಗೆ ಹೇಳಿದರು: "ನಂಗೆ ಏನೂ ಕಾಣ್ಲಿಲ್ಲ ಕಣೇ. ಎಷ್ಟು ದಿನದಿಂದ ಹಿಂಗೋ, ಅದೂ ಗೊತ್ತಿಲ್ಲ."

ಆ ರಾತ್ರಿ ಅವರು ಉಣ್ಣಲಿಲ್ಲ. ತಾವು ಈಚೆಗೆ ಚೆನ್ನಾಗಿದೆ ಎಂದು ಹೇಳಿಕಳಿಸಿದ ಬಂದೂಕುಗಳದ್ದೇ ಯೋಚನೆ. ಬೆಳಗಾಗುತ್ತಲೇ ಗಾಡಿ ಕಟ್ಟಿಸಿ, ಕಣ್ಣಿಗೆ ನಾನಿರಲೆಂದು ಜೊತೆಗೆ ಕರೆದುಕೊಂಡು ಹೊರಟರು. ಮೊದಲು ನೋಡಿದ ಐ.ಡಿ.ಹಳ್ಳಿಯ ಬಂದೂಕು ನಿರ್ದೋಷವಾಗಿತ್ತು. ನನಗೂ ಉಸಿರು ಬಂತು.

ಮರುದಿನ ತಾವರೆಕೆರೆಗೆ ಹೋದೆವು. ಅಲ್ಲಿ ಹಂದಿ ಕಾಟಕ್ಕೆಂದು ಬಂದೂಕು ಕೊಂಡಿದ್ದ ರೈತ ಜಗಲಿಯಿಂದ ಎದ್ದು ನಿಂತ. ಎಡಗೈಗೆ ಬಟ್ಟೆ ಸುತ್ತಿತ್ತು. ಎರಡು ಬೆರಳು ಇರಲಿಲ್ಲ. ಹೊಲದಲ್ಲಿ ನಳಿಗೆ ಸೀಳಿತಂತೆ. ನಮಗೆ ಯಾಕೆ ಹೇಳಿ ಕಳಿಸಲಿಲ್ಲ ಎಂದು ಯಜಮಾನರು ಕೇಳಿದರು.

"ಬುಡಿ ಸ್ವಾಮಿ," ಅಂದ ಅವನು. "ನೀವು ನೋಡ್ಕೊಟ್ಟಿದ್ರಾಗೆ ದೋಸ ಇದ್ದಾತಾ? ನಾನೇ ಮದ್ದು ಜಾಸ್ತಿ ತುಂಬಿದ್ನೇನೋ."

ದೋಷ ತಮ್ಮದೇ ಎಂದು ಯಜಮಾನರು ಎಷ್ಟು ಹೇಳಿದರೂ ಅವನು ಒಪ್ಪಲಿಲ್ಲ. ಅವನ ಹೆಂಡತಿ ಮಾತ್ರ ಒಳಬಾಗಿಲಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದಳು.

ಆಮೇಲೂ ಜನ ಬಂದೂಕು ಹಿಡಿದು ಬರುತ್ತಿದ್ದರು. ಯಜಮಾನರು ಮನೆಯಲ್ಲಿಲ್ಲ ಎಂದು ನಾನು ಬಾಗಿಲಲ್ಲೇ ಹೇಳಿ ಕಳಿಸುತ್ತಿದ್ದೆ. ಅವರು ಒಳಗೆ ಗೋಡೆಗೊರಗಿ ಕೂತು ಕೇಳಿಸಿಕೊಳ್ಳುತ್ತಿದ್ದರು.