ಪಿಸ್ಟನ್ನಿನ ಬಳೆ ತೊಟ್ಟ ಲೆನ್ಸು

ಅಣ್ಣ ತನ್ನ ಸೈಕಲ್ಲನ್ನು ಹುಬ್ಬಳ್ಳಿಯ ಮುದುಕ ಫೋಟೋಗ್ರಾಫರನೊಬ್ಬನಿಗೆ ಕೊಟ್ಟು, ಬದಲಿಗೆ ಮುಷ್ಟಿಗಾತ್ರದ ಒಂದು ಲೆನ್ಸು ಹಿಡಿದುಕೊಂಡು ಬಂದ ದಿನ ಅವ್ವ ಊಟ ಬಿಟ್ಟಳು. ಆ ಲೆನ್ಸಿನ ಮೂಲ ಕ್ಯಾಮೆರಾ ಹೊಳೆಗೆ ಬಿದ್ದು ಸತ್ತಿತ್ತಂತೆ. ಬದುಕಿ ಉಳಿದದ್ದು ಇದೊಂದೇ. 'ಸತ್ತವರ ಕಣ್ಣು ತಂದಾನ ನೋಡ ನಿಮ್ಮಣ್ಣ' ಎಂದು ಅವ್ವ ನನ್ನ ಕಡೆ ತಿರುಗಿ ಹೇಳಿದಳು. ಆಮೇಲೆ ಎರಡನೆಯ ಹೊತ್ತಿಗೆ ಹಸಿವಾಗಿ ಉಂಡಳು.

ಅರವತ್ತೊಂದರ ಸುಮಾರಿನ ಮಾತು. ಶಿರಸಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅಣ್ಣನ ಸ್ಟುಡಿಯೋ ಇತ್ತು. ನಮ್ಮದು ಬನವಾಸಿ ಕಡೆಯ ಜವಳಿ ವ್ಯಾಪಾರದ ಮನೆತನ. ಅಪ್ಪ ತೀರಿಕೊಂಡ ಮೇಲೆ ಅಣ್ಣ ಗಜಕೋಲು ಎಸೆದು ಕ್ಯಾಮೆರಾ ಹಿಡಿದಿದ್ದ. ಅವನು ಫೋಟೋ ತೆಗೆಯುತ್ತಿದ್ದ, ನಾನು ತಿದ್ದುತ್ತಿದ್ದೆ. ದೊಡ್ಡ ಪ್ಲೇಟ್ ನೆಗೆಟಿವ್‌ಗಳ ಕಾಲದಲ್ಲಿ ಪೆನ್ಸಿಲ್ಲಿನಿಂದ ಗಿರಾಕಿಗಳ ಮುಖದ ಕಲೆ, ಸುಕ್ಕು, ಕಣ್ಣ ಕೆಳಗಿನ ಕಪ್ಪು ಎಲ್ಲ ತೆಗೆದುಹಾಕುವುದು ನನ್ನ ಕೆಲಸ. ಊರಿನ ಅರ್ಧ ಜನರ ನಿಜವಾದ ಮುಖ ನನಗೆ ಗೊತ್ತಿತ್ತು. ಸಂತೆಯಲ್ಲಿ ಎದುರಾದಾಗ ಅವರೇ ನನ್ನನ್ನು ನೋಡಿ ತಲೆ ತಗ್ಗಿಸುತ್ತಿದ್ದರು.

ನನ್ನ ಮುಖದ ಮೇಲೂ ತಿದ್ದುವುದಕ್ಕೆ ಬೇಕಾದಷ್ಟಿತ್ತು. ಆರು ವರ್ಷದವಳಿದ್ದಾಗ ಬಂದ ಸಿಡುಬು ಎರಡೂ ಕೆನ್ನೆಯ ಮೇಲೆ ತನ್ನ ಗುರುತು ಬಿಟ್ಟು ಹೋಗಿತ್ತು. ಹಿಂದಿನ ವರ್ಷ ಹಾವೇರಿ ಕಡೆಯಿಂದ ಹೆಣ್ಣು ನೋಡಲು ಬಂದವರಿಗೆ, ನನಗೆ ಗೊತ್ತಿಲ್ಲದಂತೆ ಅಣ್ಣನೇ ಪೆನ್ಸಿಲ್ ಆಡಿಸಿದ ಫೋಟೋ ಹೋಗಿತ್ತು. ನಾನು ತಟ್ಟೆ ಹಿಡಿದು ಹೊರಗೆ ಬಂದೆ. ಹುಡುಗನ ಸೋದರಮಾವ ಉಪ್ಪಿಟ್ಟು ತೆಗೆದುಕೊಂಡು, 'ಫೋಟೋದಾಗಿನ ಹುಡುಗಿ ಒಳಗ ಅದಾಳೇನ್ರಿ?' ಎಂದು ಕೇಳಿದ. ಅವನು ಕುಚೇಷ್ಟೆಗೆ ಕೇಳಿದ್ದಲ್ಲ, ನಿಜವಾಗಿಯೂ ಕೇಳಿದ್ದ. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವತ್ತೇ ಹೇಳಿಬಿಟ್ಟೆ: ಇನ್ನು ಮುಂದೆ ನನ್ನ ಮುಖಕ್ಕೆ ಯಾರೂ ಪೆನ್ಸಿಲ್ ಮುಟ್ಟಿಸಕೂಡದು. ಮುಟ್ಟಿಸಿದರೆ ನೋಡಲು ಬಂದವರ ಎದುರಿಗೆ ನಾನು ಬರುವುದಿಲ್ಲ.

ಅಣ್ಣ ಪೆನ್ಸಿಲ್ ಬಿಟ್ಟ. ಲೆನ್ಸು ಹಿಡಿದ.

ಹುಬ್ಬಳ್ಳಿಯ ಮುದುಕ ಅವನ ಕಿವಿಯಲ್ಲಿ ಊದಿದ್ದನಂತೆ: 'ಈ ಲೆನ್ಸಿನ ಕಣ್ಣು ಪೂರ್ತಿ ತೆರೆದು ಮುಖದ ಫೋಟೋ ತೆಗಿ. ಪೆನ್ಸಿಲ್ ಬ್ಯಾಡ, ಪೌಡರ್ ಬ್ಯಾಡ. ಕೆನ್ನಿ ಬೆಣ್ಣಿ ಆಗ್ತಾವ.' ತೊಂದರೆ ಏನೆಂದರೆ, ಲೆನ್ಸು ಒಂದು ಕಂಪನಿಯದು, ಅಣ್ಣನ ಹೊಸ ಸಣ್ಣ ಕ್ಯಾಮೆರಾ ಇನ್ನೊಂದು ಕಂಪನಿಯದು. ಲೆನ್ಸಿನ ಬುಡದಲ್ಲಿ ಮೂರು ಕೊಂಡಿ, ಕ್ಯಾಮೆರಾದ ಬಾಯಲ್ಲಿ ತಿರುಪು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಅಣ್ಣ ಮೊದಲು ಸೈಕಲ್ ಟ್ಯೂಬಿನ ತುಂಡು, ಮೇಣದ ದಾರ, ಕರಿ ಪಟ್ಟಿ ಎಲ್ಲ ಸುತ್ತಿ ಎರಡನ್ನೂ ಜೋಡಿಸಿದ. ಸೈಕಲ್ ಹೋಗಿದ್ದರೂ ಟ್ಯೂಬು ಮಾತ್ರ ಅದು ಹೇಗೋ ಉಳಿದಿತ್ತು. ಒಬ್ಬ ಅಡಿಕೆ ಸಾಹುಕಾರರು ಎದೆ ಉಬ್ಬಿಸಿ ಕೂತಿದ್ದಾಗ ಲೆನ್ಸು ಕಳಚಿ ಉರುಳಿ ಅವರ ಮಡಿಲಿಗೇ ಬಂತು. ಅವರು ಅದನ್ನು ಎತ್ತಿ ಹಿಡಿದು, 'ತಮಾ, ಇದೆಂತದೋ? ನಿನ್ನ ಕ್ಯಾಮೆರಾದ ಕಣ್ಣೇ ಕಳಚಿ ಬಿತ್ತಲಾ!' ಎಂದರು. ನಾನು ಪರದೆಯ ಹಿಂದೆ ಸೆರಗು ಬಾಯಿಗೆ ತುರುಕಿಕೊಂಡೆ.

ಕೊನೆಗೆ ಅಣ್ಣ ಬಸ್ಸು ಹಿಡಿದು ಯಲ್ಲಾಪುರಕ್ಕೆ ಹೊರಟ. ನಾನೂ ಹಟ ಮಾಡಿ ಹತ್ತಿದೆ. ಅಲ್ಲಿ ಮರದ ದಿಮ್ಮಿ ಹೊರುವ ನಾಟಾ ಲಾರಿಗಳನ್ನು ರಿಪೇರಿ ಮಾಡುವ ಗ್ಯಾರೇಜಿನಲ್ಲಿ ಲೇತ್ ಯಂತ್ರದ ಸಾಹೇಬರೊಬ್ಬರಿದ್ದರು. ಗಡ್ಡದಲ್ಲಿ ಲೋಹದ ಚೂರು ಮಿಂಚುತ್ತಿತ್ತು. ಲೆನ್ಸನ್ನು ಅಂಗೈಯಲ್ಲಿ ತೂಗಿ ನೋಡಿ, 'ಇದು ಎಷ್ಟು ಟನ್ ಎಳೀತೈತ್ರಿ?' ಎಂದು ಕೇಳಿದರು. ಅಣ್ಣ ಚಿತ್ರ ಬರೆದು ವಿವರಿಸಿದ: ಮಧ್ಯೆ ಒಂದು ಬಳೆ ಬೇಕು, ಅದರ ಒಂದು ಬದಿ ತಿರುಪು, ಇನ್ನೊಂದು ಬದಿ ಕೊಂಡಿ. ದಪ್ಪ ಇಷ್ಟೇ ಇರಬೇಕು, ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ಸಾಹೇಬರು ಮೂಲೆಯಿಂದ ಲಾರಿಯ ಹಳೆಯ ಪಿಸ್ಟನ್ ಒಂದನ್ನು ತಂದು ಯಂತ್ರಕ್ಕೆ ಕಟ್ಟಿದರು. ಸಂಜೆಯೊಳಗೆ ಬಳೆ ತಯಾರಾಯಿತು. ಬೆಳ್ಳಿಯದೇ ಅನ್ನುವ ಹಾಗೆ ಹೊಳೆಯುತ್ತಿತ್ತು, ಕೈಗೆ ಹಾಕಿಕೊಳ್ಳಲೇ ಎಂದು ನನಗೇ ಆಸೆಯಾಯಿತು.

ಅಣ್ಣ ಅಳೆದು ನೋಡಿದರೆ ಒಂದು ನೂಲು ದಪ್ಪ ಹೆಚ್ಚು. ಬಡಗಿಗಳ ಲೆಕ್ಕದ ನೂಲು, ಅಂಗುಲದ ಎಂಟನೇ ಒಂದು ಪಾಲು.

'ಬೇಕಂತನ ಬಿಟ್ಟೀನ್ರಿ' ಎಂದರು ಸಾಹೇಬರು. 'ಕಮ್ಮಿ ಆದ್ರ ಕೂಡ್ಸಾಕ ಬರೂದಿಲ್ಲ, ಜ್ಯಾಸ್ತಿ ಆದ್ರ ತಗೀಬಹುದು. ಒಯ್ದು ಹಾಕಿ ನೋಡ್ರಿ. ಬ್ಯಾಡಾದ್ರ ಮತ್ತ ಬರ್ರಿ.'

ಆ ಒಂದು ನೂಲಿನಿಂದ ಏನಾಯಿತೆಂದರೆ, ಎಂಟು ಅಡಿಯಿಂದಾಚೆ ಇದ್ದದ್ದು ಏನೂ ಆ ಲೆನ್ಸಿಗೆ ಕಾಣದು. ಮನೆ, ಮರ, ಎಮ್ಮೆ, ಮಾರಿಗುಡಿ ಎಲ್ಲ ಬರೀ ಮಂಜು. ಎಂಟು ಅಡಿಯೊಳಗೆ ಮುಖವಿಟ್ಟರೆ ಮಾತ್ರ ಚಂದ. 'ಹೆಣ್ಣು ನೋಡಾಕ ಬರವ್ರಿಗೆ ಎಮ್ಮಿ ಯಾಕ ಬೇಕು?' ಎಂದು ಅಣ್ಣ ಬಳೆಯನ್ನು ಹಾಗೆಯೇ ಉಳಿಸಿಕೊಂಡ. ಆ ಮುಖದಲ್ಲೂ ಅದಕ್ಕೆ ಭೇದವಿತ್ತು. ಕಣ್ಣು ಸ್ಪಷ್ಟವಾದರೆ ಕಿವಿ ಕರಗುತ್ತಿತ್ತು. ತೋಟದ ಮನೆಯ ಅಜ್ಜಿಯೊಬ್ಬರು ತಮ್ಮ ಫೋಟೋ ತಂದು ಮೇಜಿನ ಮೇಲೆ ಕುಕ್ಕಿದರು: 'ಎನ್ನ ಬುಗುಡಿ ಎಲ್ಲಿಗೆ ಹೋತು? ಕೆಮಿನೇ ಇಲ್ಲೆ ಇದ್ರಲ್ಲಿ!' ಈ ಸಣ್ಣ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಲು ಬರುತ್ತಿರಲಿಲ್ಲ, ಹಾಗಾಗಿ ಪ್ರಿಂಟಿನ ಮೇಲೆಯೇ ಕುಂಚದಿಂದ ಎರಡು ಕಿವಿ, ಎರಡು ಬುಗುಡಿ ಬರೆದುಕೊಟ್ಟೆ. ಅಜ್ಜಿ ಖುಷಿಯಾಗಿ ಹೋದರು. ಬುಗುಡಿ ಅವರದ್ದಕ್ಕಿಂತ ತುಸು ದೊಡ್ಡದಾಗಿತ್ತು.

ಲೆನ್ಸಿನ ಕಣ್ಣು ಎಷ್ಟು ತೆರೆದರೆ ಚಂದವೆಂದು ನೋಡಲು ಅಣ್ಣ ನನ್ನನ್ನೇ ಕೂರಿಸಿದ. ಲೆನ್ಸಿನ ಕಣ್ಣು ಪೂರ್ತಿ ತೆರೆದು ಒಂದು ಫೋಟೋ, ಸ್ವಲ್ಪ ಕಿರಿದು ಮಾಡಿ ಇನ್ನೊಂದು, ಹೀಗೆ ಒಟ್ಟು ಆರು. ಕೊನೆಯದಕ್ಕೆ ಕಣ್ಣು ಸಾಸಿವೆಯಷ್ಟಾಗಿತ್ತು, ಬೆಳಕು ಸಾಲದೆ ನಾನು ಉಸಿರು ಹಿಡಿದು ಕೂರಬೇಕಾಯಿತು. ಸರಿಯಾಗಿ ಆಗಲೇ ಅಣ್ಣನಿಗೆ ಬಿಕ್ಕಳಿಕೆ ಬಂತು. ನಗು ತುಟಿಯ ತನಕ ಬಂದು ನಿಂತಿತು.

ತೊಳೆದು ಪ್ರಿಂಟ್ ಹಾಕಿದ್ದು ನಾನೇ. ಮೊದಲನೆಯದರಲ್ಲಿ ಬೆಣ್ಣೆಯ ಕೆನ್ನೆಯ, ಬೆಳಕು ಸುರಿಯುವ ಒಬ್ಬ ಹುಡುಗಿ ಇದ್ದಳು. ಬಲು ಚಂದ ಇದ್ದಳು, ನನಗೆ ಅವಳ ಪರಿಚಯ ಮಾತ್ರ ಇರಲಿಲ್ಲ. ಆರನೆಯದರಲ್ಲಿ ನಾನಿದ್ದೆ. ಒಂದೊಂದು ಕಲೆಯೂ ಎಣಿಸುವಂತೆ ಇತ್ತು. ತುಟಿಯ ಮೂಲೆಯಲ್ಲಿ ಆ ತಡೆದ ನಗುವೂ ಇತ್ತು. ಅಣ್ಣ ಮೊದಲನೆಯದನ್ನು ಎತ್ತಿಕೊಂಡು ಕಣ್ಣು ತುಂಬಿಕೊಂಡ. 'ಇದನ್ನ ಕಳಸೂದು' ಎಂದ.

ಕಳಿಸಬೇಕಾಗಿದ್ದದ್ದು ಎಕ್ಕಂಬಿಯ ಒಂದು ಮನೆಗೆ. ಹುಡುಗ ಯಲ್ಲಾಪುರದ ನಾಟಾ ಡಿಪೋದಲ್ಲಿ ಗುಮಾಸ್ತ, ಮನೆಯಲ್ಲಿ ತಾಯಿ ಒಬ್ಬಳೇ. 'ಫೋಟೋ ನೋಡಿ ಬರಲಿ' ಎಂದ ಅಣ್ಣ. 'ಬಂದು ನಿನ್ನ ಜೋಡಿ ಎರಡು ಮಾತಾಡಿದ್ರ ಕಲಿ ಗಿಲಿ ಎಲ್ಲಾ ಮರೀತಾರ.' ಬಂದವರು ಮತ್ತೆ ಒಳಗಿನ ಹುಡುಗಿಯನ್ನು ಕೇಳಿದರೆ ಏನು ಮಾಡುವುದು ಎಂದೆ. ಅವನು ಲಕೋಟೆ ಹುಡುಕತೊಡಗಿದ.

ನಮ್ಮಲ್ಲಿ ಹೆಣ್ಣಿನ ಫೋಟೋ ಕಳಿಸುವಾಗ ಲಕೋಟೆ ಅಂಟಿಸಿ ನಾಲ್ಕು ಮೂಲೆಗೂ ಅರಿಶಿನ ಹಚ್ಚುವ ಪದ್ಧತಿ. ಅರಿಶಿನ ಹಚ್ಚಿದ ಮೇಲೆ ಕಳಿಸಿದವರು ಅದನ್ನು ಒಡೆಯಕೂಡದು, ಒಡೆದರೆ ಸಂಬಂಧ ಮುರಿದಂತೆ. ಅಣ್ಣ ಲಕೋಟೆಯೊಳಗೆ ಫೋಟೋ ಇಟ್ಟು, ಅಂಟು ತರಲು ಒಳಗೆ ಹೋದ. ಆ ಅರೆಗಳಿಗೆಯಲ್ಲಿ ಬೆಣ್ಣೆಯ ಹುಡುಗಿ ನನ್ನ ಸೆರಗಿಗೆ ಬಂದಳು, ನಾನು ಲಕೋಟೆಯೊಳಗೆ ಹೋದೆ. ಅಣ್ಣ ಅಂಟಿಸಿದ. ಅವ್ವ ಅರಿಶಿನ ಹಚ್ಚಿದಳು. ನಾನು ದೇವರಿಗೆ ಕೈ ಮುಗಿದೆ, ಅದೂ ತುಸು ಹೆಚ್ಚೇ ಭಕ್ತಿಯಿಂದ.

ಅಂಚೆ ಡಬ್ಬಿಯ ಎದುರಿಗೆ ನಿಂತಾಗ ಅಣ್ಣನಿಗೆ ಮನಸ್ಸು ತಡೆಯಲಿಲ್ಲ. 'ಇನ್ನೊಮ್ಮೆ ನೋಡಬೇಕನಸ್ತೈತಿ, ಎಷ್ಟು ಚಂದ ಬಂದೈತಿ' ಎಂದು ಲಕೋಟೆಯ ತುದಿಗೆ ಉಗುರು ಹಾಕಿದ.

'ಅರಿಶಿನ ಹಚ್ಚೈತಿ!' ಎಂದು ಕಿರುಚಿದೆ. ದಾರಿಯಲ್ಲಿ ಹೋಗುವ ಇಬ್ಬರು ತಿರುಗಿ ನೋಡಿದರು. ಅಣ್ಣ ಬೆಚ್ಚಿ ಲಕೋಟೆಯನ್ನು ಡಬ್ಬಿಗೆ ಹಾಕಿಬಿಟ್ಟ. ಅದು ಒಳಗೆ ಬಿದ್ದ ಸದ್ದು ಕೇಳಿದ ಕೂಡಲೇ ನನ್ನ ಧೈರ್ಯವೆಲ್ಲ ಅದರ ಹಿಂದೆಯೇ ಬಿತ್ತು. ಉತ್ತರವೇ ಬರದಿದ್ದರೆ? ಹದಿನೈದು ದಿನ ಬರಲೂ ಇಲ್ಲ. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ನಾನು ಫೋಟೋ ತೊಳೆಯುವ ಕತ್ತಲೆಕೋಣೆ ಸೇರುತ್ತಿದ್ದೆ. ಅಣ್ಣನಿಗೆ ಹೇಳಿಬಿಡೋಣ ಎಂದು ಮೂರು ಸಲ ಬಾಯಿ ತೆರೆದು ಮೂರು ಸಲವೂ ಚಹಾ ಕೇಳಿದೆ.

ಹದಿನಾರನೆಯ ದಿನ ಕಾಗದ ಬಂತು: ಸೋಮವಾರ ಬರುತ್ತೇವೆ.

'ನೋಡಿದಿ, ಲೆನ್ಸಿನ ಪ್ರತಾಪ!' ಎಂದು ಅಣ್ಣ ಕುಣಿದ. ಸೋಮವಾರ ಬೆಳಿಗ್ಗೆ ನನ್ನ ಮಣೆಯನ್ನು ಪಡಸಾಲೆಯ ಒಳಮೂಲೆಗೆ ಇಟ್ಟ, ಅವರ ಚಾಪೆಯನ್ನು ಬಾಗಿಲ ಹತ್ತಿರ ಹಾಸಿದ, ಕಿಟಕಿ ಮುಚ್ಚಿದ. 'ಬಿಸಿಲು ಬರ್ತೈತಿ' ಎಂದ. ಹೊರಗೆ ಮೋಡ ಕವಿದಿತ್ತು.

ಹುಡುಗನ ತಾಯಿ ದಪ್ಪ ಸೀರೆಯ, ಗಟ್ಟಿ ದನಿಯ ಹೆಂಗಸು. ಒಳಗೆ ಬಂದವಳೇ, 'ಕತ್ತಲಾಗ ಏನ್ ನೋಡೂದ್ರಿ?' ಎಂದು ತಾನೇ ಕಿಟಕಿ ತೆರೆದಳು. ನಾನು ತಟ್ಟೆ ತಂದೆ. ಅವಳು ಚೀಲದಿಂದ ಫೋಟೋ ತೆಗೆದು ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡತೊಡಗಿದಳು. ಅಣ್ಣ ಉಬ್ಬಿ ಮುಂದೆ ಬಂದ. 'ಅದು ಜರ್ಮನಿ ಲೆನ್ಸಿನಾಗ ತಗದದ್ದರಿ' ಎಂದು ಬಗ್ಗಿ ನೋಡಿದ. ಅವನ ಮುಖದ ರಕ್ತವೆಲ್ಲ ಇಳಿಯಿತು. ನನ್ನನ್ನು ನೋಡಿದ. ನಾನು ಜಂತೆ ನೋಡಿದೆ.

'ಇದು... ಇದು ತಪ್ಪಿ ಬಂದೈತ್ರಿ, ಬ್ಯಾರೆ ಒಂದಿತ್ತು...'

'ಏನ್ ತಪ್ಪು?' ಎಂದಳು ಆಕೆ. 'ಹುಡುಗಿ ಅಕಿನ ಅದಾಳಲ್ಲ?'

ತಾಯಿಯ ಪಕ್ಕದಲ್ಲಿ ಕೂತಿದ್ದ ಹುಡುಗ ಫೋಟೋವನ್ನು ಕೈಗೆ ತೆಗೆದುಕೊಂಡ. ಆಗ ನನ್ನನ್ನೇ ಕೇಳಿದ: 'ಇದನ್ನ ಆರಿಸಿದವರು ಯಾರ್ರಿ?'

'ನಾನ ರಿ' ಎಂದೆ.

'ಅನಕೊಂಡೆ' ಎಂದು ನಕ್ಕ. ಆಮೇಲೆ ಅವನು ಉಪ್ಪಿಟ್ಟನ್ನು ಎರಡನೆಯ ಸಲ ಹಾಕಿಸಿಕೊಂಡ, ಅವನ ತಾಯಿ ಅವ್ವನ ಹತ್ತಿರ ಕುಪ್ಪಸದ ಖಣ ಇದೆಯೇ ಎಂದು ಕೇಳಿದಳು. ಮಾತು ಗಟ್ಟಿಯಾಯಿತು.

ಅವರನ್ನು ಬಸ್ಸು ಹತ್ತಿಸಿ ಬಂದ ಮೇಲೆ ಅಣ್ಣ ಬಯ್ಯುತ್ತಾನೆಂದು ಕಾದೆ. ಅವನು ಬಯ್ಯಲಿಲ್ಲ. ಕತ್ತಲೆಕೋಣೆಗೆ ಹೋಗಿ, ತೊಳೆದಿಟ್ಟಿದ್ದ ತಟ್ಟೆಗಳನ್ನೇ ಮತ್ತೆ ತೊಳೆಯುತ್ತಿದ್ದ. ನಾನು ಬಾಗಿಲಲ್ಲಿ ನಿಂತೆ.

'ಅಮ್ಮ ಮೊದಲು ಬಂದಿದ್ದು ನನಗ' ಎಂದ, ಈ ಕಡೆ ತಿರುಗದೆ. ಸಿಡುಬಿಗೆ ನಮ್ಮಲ್ಲಿ ಅಮ್ಮ ಎನ್ನುತ್ತಾರೆ. 'ಅವ್ವ ನನ್ನ ಬ್ಯಾರೆ ಕ್ವಾಣ್ಯಾಗ ಮಲಗಿಸಿದ್ಲು. ಒಬ್ಬನ ಇರಾಕ ಅಂಜಿಕಿ ಬಂತು. ಅವ್ವ ನೀರಿಗೆ ಹೋದಾಗ ನಾನ ನಿನ್ನ ಕರದೆ. ನನಗೇನೂ ಕಲಿ ಉಳೀಲಿಲ್ಲ.'

ಹದಿನಾಲ್ಕು ವರ್ಷ ಅವನು ಅದನ್ನು ಯಾರಿಗೂ ಹೇಳಿರಲಿಲ್ಲ. ಸೈಕಲ್ಲು ಯಾಕೆ ಹೋಯಿತೆಂದು ನನಗೆ ಆಗ ತಿಳಿಯಿತು. ಅಳುವುದನ್ನು ಅವನಿಗೆ ತೋರಿಸುವ ಮನಸ್ಸಾಗಲಿಲ್ಲ.

'ನೀ ಬರೇ ಕರದಿದ್ರ ನಾ ಬರ್ತಿದ್ನೇನು?' ಎಂದೆ. 'ಬೆಲ್ಲ ಕೊಡ್ತೀನಿ ಅಂದಿದ್ದಿ. ಬೆಲ್ಲದ ಆಸೆಗೆ ಬಂದಿದ್ದೆ. ನೆನಪೈತಿ ನನಗ.'

ಅಣ್ಣ ತಿರುಗಿದ. ಮುಖವೆಲ್ಲ ಒದ್ದೆಯಾಗಿತ್ತು. ನನ್ನನ್ನು ನೇರವಾಗಿ ನೋಡಿದ, ಕೆನ್ನೆಯನ್ನೂ ಸೇರಿಸಿ.

'ಬೆಲ್ಲ ಇದ್ದಿದ್ದಿಲ್ಲ' ಎಂದ. 'ಆವಾಗೂ ಸುಳ್ಳ ಹೇಳಿದ್ದೆ.'